ಉಭಯಕುಶಲೋಪರಿ

ನಮ್ಮ ಹಿರಿಯರು ಬರೆಯುತ್ತಿದ್ದ ಕಾಗದಗಳನ್ನು ಕಂಡವರಿಗೆ ಅವುಗಳ ಮೊದಲ ನಾಲ್ಕು ಪಂಕ್ತಿಗಳು ಕಂಠಪಾಠವಾಗಿರುವುವು. ಯಾರಿಗೆ ಯಾರು ಮಾಡುವ ಸಾಷ್ಟಾಂಗ ನಮಸ್ಕಾರವೆಂಬುದು ಮೊದಲು. ಅನಂತರ ‘ಉಭಯಕುಶಲೋಪರಿ ಸಾಂಪ್ರತ’ ಎಂಬುದು. ಅದಾದಮೇಲೆ ‘ಇತ್ತ ಈ ದಿವಸದವರೆಗೆ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯಿಸುತ್ತಿರಬೇಕು’ ಎಂಬುದು. ಸಾಲದ ಮಾತಾಗಲಿ ಸಂಬಂಧದ ಮಾತಾಗಲಿ ಬರುತ್ತಿದ್ದುದು ಇದರ ಬಳಿಕವೇ. ವಿಷಯವೇನೂ ಇಲ್ಲದ ಈ ಪೀಠಿಕೆಗೆ ಕಾರ್ಡಿನ ಅರ್ಧಭಾಗವನ್ನು ವ್ಯಯಮಾಡುತ್ತಿದ್ದರಲ್ಲಾ ಎಂದು ನಗುವವರುಂಟು. ಅಂಥವರು ‘ಈ ದಿವಸದವರೆಗೆ’ ಎಂಬ ಮಾತಿನ ಮುಂದೆ ಒಂದು ಕ್ಷಣ ನಿಲ್ಲಬೇಕು. ಬರೆದವರು ತಾವು ಕ್ಷೇಮವೆಂದು ಸುಮ್ಮನೆ ಸಾರಲಿಲ್ಲ. ಎಂದಿನವರೆಗಿನ ಕ್ಷೇಮವೆಂಬುದನ್ನೂ ಹೇಳಿದರು. ಕಾಗದವು ಎಂಟು ದಿನ ದಾರಿಯಲ್ಲಿದ್ದರೆ ಓದುವವನ ಕೈಗೆ ಬರುವುದು ಎಂಟು ದಿನದ ಹಿಂದಿನ ಕ್ಷೇಮ. ಅಲ್ಲಿಂದೀಚೆಗೆ ನಡೆದುದಕ್ಕೆ ಆ ಕಾಗದವು ಹೊಣೆಯಲ್ಲ. ‘ಆಗಾಗ್ಗೆ’ ಎಂಬ ಮಾತು ಬಂದುದು ಅದಕ್ಕಾಗಿಯೇ.

ಈ ಸೂಕ್ಷ್ಮವು ನನಗೆ ಹೊಳೆದುದು ಹಳೆಯ ಕಾಗದದ ಕಟ್ಟನ್ನು ಬಿಚ್ಚಿದಾಗ ಅಲ್ಲ. ಬೇಗೂರಿನ ನಮ್ಮ ಮನೆಯಲ್ಲಿ ನಾನೂ, ಮಾಳಿಗೆಯಲ್ಲಿ ಬಾಡಿಗೆಗಿರುವವರ ಹುಡುಗನೂ ಕೂಡಿ 2024ರ ಬೇಸಗೆಯಿಂದ ಎಳೆಯುತ್ತಿರುವ ತಂತಿಗಳ ಮತ್ತು ಗೋಡೆಗೆ ಅಂಟಿಸುತ್ತಿರುವ ಸಣ್ಣ ಪೆಟ್ಟಿಗೆಗಳ ನಡುವೆ ಹೊಳೆಯಿತು. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಉರುಹಚ್ಚಿ, ಪ್ರೌಢಶಾಲೆಯ ಮಕ್ಕಳಿಂದ ಮೂವತ್ತೆರಡು ವರ್ಷ ರಾಮಶಬ್ದವನ್ನು ಒಪ್ಪಿಸಿಕೊಂಡು ನಿವೃತ್ತನಾದವನಿಗೆ ಈ ಉದ್ಯೋಗವೇಕೆ ಎಂದು ವಾಚಕರು ಕೇಳಬಹುದು. ನೆರೆಯವರು ಕೇಳಿಯೇ ಇರುವರು. ಅವರಿಗೆ ನಾನು ಕೊಡುವ ಉತ್ತರವು ಮೈಸೂರಿನದು. 1935ನೆಯ ಇಸವಿ ಸೆಪ್ಟೆಂಬರಿನಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠಲ ವಿಹಾರ’ದಲ್ಲಿಯೇ ಒಂದು ಸಣ್ಣ ಪ್ರೇಷಕಯಂತ್ರವನ್ನಿಟ್ಟು ಬಾನುಲಿಯನ್ನು ಪ್ರಾರಂಭಿಸಿದರು. ಅದಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ನಿಂತಿತು. ಮನೋವ್ಯಾಪಾರವನ್ನು ಬೋಧಿಸುವವರು ಮನೆಯಲ್ಲಿ ಅಂತಹ ಯಂತ್ರವನ್ನು ನಡೆಸಬಹುದಾದರೆ, ವಿಭಕ್ತಿಗಳನ್ನು ಬೋಧಿಸಿದವನು ಒಂದು ತಿರುಪುಮೊಳೆಯನ್ನಾದರೂ ತಿರುಗಿಸಬಹುದಷ್ಟೆ.

ನಮ್ಮ ಮನೆ ನಾಗೇಶ್ವರನ ಗುಡಿಗೆ ನಡೆದು ಹೋಗುವಷ್ಟು ದೂರದಲ್ಲಿದೆ. ಕೆಳಗೆ ನಾನೂ ನನ್ನ ಪತ್ನಿಯೂ ಇರುವೆವು. ಒಬ್ಬನೇ ಮಗನು ಜರ್ಮನಿಯಲ್ಲಿ ಉದ್ಯೋಗದಲ್ಲಿರುವನು. 2023ರ ಕೊನೆಯಲ್ಲಿ, ನೆರೆಬೀದಿಯಲ್ಲಿ ಒಂಟಿಯಾಗಿದ್ದ ವೃದ್ಧರೊಬ್ಬರು ಬಚ್ಚಲಮನೆಯಲ್ಲಿ ಜಾರಿ ಬಿದ್ದು ಮರುದಿನದವರೆಗೆ ಯಾರಿಗೂ ತಿಳಿಯದೆ ಹೋದ ಸಂಗತಿಯನ್ನು ನಾನು ಅವನಿಗೆ ಹೇಳಿದೆನು. ಆ ವಾರವೇ ಮೂರು ಕ್ಯಾಮರಾಗಳು ಬಂದು ಬಿದ್ದುವು: ನಡುಮನೆಗೊಂದು, ಅಡಿಗೆಮನೆಗೊಂದು, ಮಲಗುವ ಕೋಣೆಯ ಬಾಗಿಲಿಗೊಂದು. ಅವು ಕಂಡುದೆಲ್ಲವೂ ಮೊದಲು ಎಲ್ಲಿಯೋ ಇರುವ ಒಂದು ಸಂಸ್ಥೆಯ ಉಗ್ರಾಣಕ್ಕೆ ಹೋಗಿ, ಅಲ್ಲಿಂದ ಮಗನ ಮೊಬೈಲಿಗೆ ಬರುವ ಏರ್ಪಾಡು. ನನ್ನ ಪತ್ನಿ ಪೆಟ್ಟಿಗೆಯನ್ನು ಬಿಚ್ಚಗೊಡಲಿಲ್ಲ. “ನಾನು ತಲೆ ಬಾಚಿಕೊಳ್ಳುವುದನ್ನೂ ನಿಮ್ಮ ಮೇಲೆ ರೇಗುವುದನ್ನೂ ಅವನು ಅಲ್ಲಿ ಕೂತು ನೋಡಬೇಕೇನ್ರೀ? ಹೆತ್ತವಳಾದರೆ ಸೆರಗು ಬೇಡವೆ?” ಎಂದಳು.

ಮಗನು ನೊಂದುಕೊಂಡನು. ಅವನ ಭಯವೂ ಸುಳ್ಳಲ್ಲ. ಏಳು ಸಾವಿರ ಕಿಲೋಮೀಟರುಗಳಾಚೆ ಇರುವವನಿಗೆ ತಂದೆತಾಯಿಗಳ ವಿಷಯದಲ್ಲಿ ಉಳಿದಿರುವುದು ಕಣ್ಣೊಂದೇ. ಆದರೆ ಆಕೆಯ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದಮೇಲೆ, 2012ರಲ್ಲಿ, ಆಧಾರ್ ವ್ಯವಸ್ಥೆಯ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆಯಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ತೀರ್ಪು ಕೊಟ್ಟರು. ಸರ್ಕಾರದ ಕಣ್ಣಿಗೆ ಅಷ್ಟರಮಟ್ಟಿಗೆ ಒಂದು ಮೇರೆ ದೊರೆಯಿತು. ಪ್ರೀತಿಯಿಂದ ನೋಡುವ ಮಗನ ಕಣ್ಣಿಗೆ ಮೇರೆಯನ್ನು ಯಾವ ನ್ಯಾಯಾಲಯ ಹಾಕೀತು? ಅದನ್ನು ಮನೆಯವರೇ ಹಾಕಿಕೊಳ್ಳಬೇಕು. ಕ್ಯಾಮರಾಗಳು ಇಂದಿಗೂ ಅಟ್ಟದ ಮೇಲಿವೆ.

ತಂತಿಯ ಕೆಲಸವು ನಮ್ಮಲ್ಲಿ ಪ್ರಾರಂಭವಾದುದು ನೀರಿನಿಂದ. 2024ರ ಬೇಸಗೆಯನ್ನು ಬೆಂಗಳೂರಿನವರು ಬೇಗ ಮರೆಯಲಾರರು. ಬೇಗೂರಿನಂತಹ ಅಂಚಿನ ಊರುಗಳಲ್ಲಿ ಕೊಳವೆಬಾವಿಗಳು ಒಂದರ ಹಿಂದೊಂದು ಬತ್ತಿದುವು. ಟ್ಯಾಂಕರಿನವರು ಹೇಳಿದುದೇ ಬೆಲೆಯಾಗಲು, ಮಾರ್ಚಿಯಲ್ಲಿ ಜಿಲ್ಲಾಡಳಿತವು ಮಧ್ಯೆ ಬಂದು, ಐದು ಕಿಲೋಮೀಟರುಗಳೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿಯೆಂದು ಗೊತ್ತುಮಾಡಿತು. ಕಾವೇರಿ ಐದನೆಯ ಹಂತದ ನೀರು ಹರಿದುದು ಆ ವರ್ಷದ ಅಕ್ಟೋಬರಿನಲ್ಲಿ. ಅದುವರೆಗೆ ನಮ್ಮ ಬೀದಿಯಲ್ಲಿ ದಿನಕ್ಕೆ ನಾಲ್ಕು ಬಾರಿ ಸಂಪಿನ ಮುಚ್ಚಳವನ್ನು ಎತ್ತಿ ಕೋಲಿಳಿಸಿ ನೋಡದ ಗೃಹಸ್ಥನಿರಲಿಲ್ಲ. ನನ್ನ ಮಂಡಿ ಬಗ್ಗದು. ಅದನ್ನು ಕಂಡು ಮಾಳಿಗೆಯ ಹುಡುಗನು, “ಮೇಷ್ಟ್ರೇ, ಕೋಲಿಗೆ ಬದಲು ಶಬ್ದವನ್ನು ಇಳಿಸೋಣ” ಎಂದನು. ಅವನು ಇಂಜಿನಿಯರಿಂಗ್ ಓದುತ್ತಿರುವವನು. ಮಾತು ಕಡಿಮೆ, ಕೈ ಹೆಚ್ಚು.

ಇಬ್ಬರೂ ಬಸ್ಸು ಹಿಡಿದು ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಎಸ್. ಪಿ. ರೋಡಿಗೆ ನಡೆದೆವು. ಸದರ್ ಪತ್ರಪ್ಪ ರಸ್ತೆಯೆಂಬ ಅದರ ಪೂರ್ಣನಾಮಧೇಯವನ್ನು ಅಲ್ಲಿ ಅಂಗಡಿಯಿಟ್ಟಿರುವವರಾದರೂ ಬಳಸುವುದನ್ನು ನಾನು ಕೇಳಲಿಲ್ಲ. ಆಳೆತ್ತರದ ಗೂಡಂಗಡಿಗಳಲ್ಲಿ, ಸಾಸಿವೆ ಮೆಂತ್ಯಗಳನ್ನು ಡಬ್ಬಿಗಳಲ್ಲಿಟ್ಟಂತೆ, ವಿದ್ಯುತ್ತಿನ ಬಿಡಿಭಾಗಗಳನ್ನು ಇಟ್ಟಿರುವರು. ಅಲ್ಲಿ ಕೊಂಡುದು ಎರಡು ವಸ್ತು. ಒಂದು, ಇ.ಎಸ್.ಪಿ. 8266 ಎಂಬ ಚಿಪ್ಪನ್ನುಳ್ಳ ಹೆಬ್ಬೆರಳಗಲದ ಹಲಗೆ. ಶಾಂಘೈಯ ಎಸ್ಪ್ರೆಸಿಫ್ ಎಂಬ ಸಂಸ್ಥೆಯು 2014ರಲ್ಲಿ ಹೊರತಂದ ಈ ಚಿಪ್ಪು ತಾನಾಗಿಯೇ ಮನೆಯ ವೈ-ಫೈಯನ್ನು ಹಿಡಿದು ಮಾತನಾಡಬಲ್ಲದು. ಬೆಲೆ ಒಂದು ಸಾಧಾರಣ ಪಂಚೆಗಿಂತ ಕಡಿಮೆ. ಇನ್ನೊಂದು, ನೀರು ತಾಗಿದರೂ ಕೆಡದ ಶಬ್ದದ ಸೆನ್ಸರು. ಬಾವಲಿಯು ಕತ್ತಲೆಯಲ್ಲಿ ದಾರಿಯನ್ನು ಅರಿಯುವ ಕ್ರಮವೇ ಇದರದೂ. ನಮ್ಮ ಕಿವಿಗೆ ಕೇಳದ ಒಂದು ಕೂಗನ್ನು ಅದು ಕೆಳಕ್ಕೆ ಕಳುಹಿಸುವುದು; ಕೂಗು ನೀರಿಗೆ ತಗುಲಿ ಮರಳುವವರೆಗಿನ ಕಾಲವನ್ನು ಎಣಿಸುವುದು. ನೀರು ಒಂದು ಮೀಟರು ಕೆಳಗಿದ್ದರೆ ಹೋಗಿಬರಲು ಒಂದು ಸೆಕೆಂಡಿನ ಸಾವಿರದ ಆರು ಭಾಗವೂ ಬೇಡ. ನಮ್ಮ ಸಂಪು ಎರಡು ಮೀಟರು ಉದ್ದ, ಒಂದೂವರೆ ಮೀಟರು ಅಗಲ. ಆದಕಾರಣ ನೀರು ಒಂದು ಸೆಂಟಿಮೀಟರು ಏರಿತೆಂದರೆ 30 ಲೀಟರು ಬಂದಿತೆಂದು ಲೆಕ್ಕ. ಈ ಲೆಕ್ಕದ ಪ್ರಥಮ ಪ್ರಯೋಗವು ಟ್ಯಾಂಕರಿನವನ ಮೇಲೆಯೇ ಆಯಿತು. ಆರು ಸಾವಿರ ಲೀಟರೆಂದು ಹಣ ತೆಗೆದುಕೊಂಡು ಅವನು ಇಳಿಸಿದ ನೀರು ಏರಿದುದು 168 ಸೆಂಟಿಮೀಟರು. 5,040 ಲೀಟರಾಯಿತೆಂದು ನಾನು ಹೇಳಲು, ಅವನು ಸಂಪಿನೊಳಗೆ ಬಗ್ಗಿ ನೋಡಿ, “ಸಾರ್, ನಿಮ್ಮ ಸಂಪು ಕುಡಿದುಬಿಟ್ಟಿರಬೇಕು” ಎಂದನು. ಮುಂದಿನ ಸಲದಿಂದ ನೀರು 190ರ ಮೇಲೆಯೇ ಏರಹತ್ತಿತು. ಸಂಪು ಕುಡಿಯುವುದನ್ನು ಬಿಟ್ಟಿತೆಂದು ತೋರುತ್ತದೆ.

ನೀರನ್ನು ಅಳೆದು ಬರೆದಿಡುವುದು ನಮ್ಮವರಿಗೆ ಹೊಸದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಉಗ್ರಾಣದ ಬಳಿ ಮೊಳದಗಲ ಬಾಯಿಯ ಒಂದು ಕುಂಡವನ್ನಿಟ್ಟು ಮಳೆಯನ್ನು ಅಳೆಯತಕ್ಕದ್ದೆಂದು ವಿಧಿಸಿರುವನು. ಆ ಗ್ರಂಥವು ಕೈಗೆ ಬಂದುದೂ ನಮ್ಮ ನಾಡಿನಲ್ಲಿಯೇ. ಮೈಸೂರಿನ ಓಲೆಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಕಂಡು 1909ರಲ್ಲಿ ಅಚ್ಚುಮಾಡಿಸಿದರು. ಕುಂಡಕ್ಕೂ ನಮ್ಮ ಸೆನ್ಸರಿಗೂ ಒಂದೇ ವ್ಯತ್ಯಾಸ. ಕುಂಡವನ್ನು ನೋಡಲು ಒಬ್ಬನು ಅಲ್ಲಿಗೆ ಹೋಗಬೇಕು. ಸೆನ್ಸರು ತಾನೇ ಬಂದು ಹೇಳುವುದು. ಈ ‘ತಾನೇ ಬಂದು ಹೇಳುವುದು’ ಎಂಬಲ್ಲಿಯೇ ನಾನು ಹೇಳಹೊರಟ ತೊಡಕೆಲ್ಲ ಅಡಗಿದೆ. ಆದಕಾರಣ ಅದು ಹೇಗೆ ಹೇಳುವುದೆಂಬುದನ್ನು ಸ್ವಲ್ಪ ವಿವರಿಸಬೇಕಾಗಿದೆ.

ಮನೆಯಲ್ಲಿರುವ ರೌಟರು ತನ್ನನ್ನು ಆಶ್ರಯಿಸಿದ ಪ್ರತಿಯೊಂದು ಪೆಟ್ಟಿಗೆಗೂ ಒಂದು ಅಂಕೆಯನ್ನು ಕೊಡುವುದು. ಈ ಅಂಕೆಗಳನ್ನು ಮನೆಯೊಳಗಿನ ಬಳಕೆಗೆಂದೇ 1996ರಲ್ಲಿ ತೆಗೆದಿರಿಸಿದರು. ಆದುದರಿಂದ ನಮ್ಮ ಸಂಪಿನ ಅಂಕೆಯೇ ಪಕ್ಕದ ಮನೆಯ ಟೆಲಿವಿಷನ್ನಿಗೂ ಇರಬಹುದು. ತೊಂದರೆಯಿಲ್ಲ. ಪ್ರತಿ ಮನೆಯಲ್ಲಿಯೂ ಒಬ್ಬ ‘ಪುಟ್ಟ’ನಿರುವನು, ಒಳಗಿನಿಂದ ಕೂಗಿದರೆ ಆ ಮನೆಯವನೇ ಓಗೊಡುವನು. ಹೀಗೆ ಹೆಸರು ಪಡೆದ ಪೆಟ್ಟಿಗೆಗಳು ತಮ್ಮ ಸಮಾಚಾರವನ್ನು ಒಬ್ಬ ಮಧ್ಯಸ್ಥನಿಗೆ ಒಪ್ಪಿಸುವುವು. ನಮ್ಮಲ್ಲಿ ಆ ಮಧ್ಯಸ್ಥನು ಪುಸ್ತಕದ ಬೀರುವಿನಲ್ಲಿ ಅಮರಕೋಶದ ಪಕ್ಕಕ್ಕೆ ಕುಳಿತಿರುವ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು. ಸಮಾಚಾರವನ್ನು ಒಪ್ಪಿಸುವ ಪದ್ಧತಿಗೆ ಎಂ.ಕ್ಯು.ಟಿ.ಟಿ. ಎಂದು ಹೆಸರು. ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬ ಇಬ್ಬರು 1999ರಲ್ಲಿ ಇದನ್ನು ರಚಿಸಿದುದು, ಊರುಕೇರಿಯಿಲ್ಲದ ಬಯಲಿನಲ್ಲಿ ಹಾದುಹೋಗುವ ಎಣ್ಣೆಯ ಕೊಳವೆಗಳ ಸ್ಥಿತಿಯನ್ನು ಉಪಗ್ರಹದ ಮೂಲಕ ತಿಳಿಯುವುದಕ್ಕಾಗಿ. ಮಾತು ದುಬಾರಿಯಾದ ಕಡೆ ಹುಟ್ಟಿದ ಪದ್ಧತಿಯಾದುದರಿಂದ ಮಿತಭಾಷೆಯೇ ಅದರ ಲಕ್ಷಣ. ಸಂಪು ‘ನೀರು ಇಷ್ಟು’ ಎಂದು ಮಧ್ಯಸ್ಥನಿಗೆ ಹೇಳಿ ಸುಮ್ಮನಾಗುವುದು. ಆ ವಿಷಯದಲ್ಲಿ ಆಸಕ್ತಿಯುಳ್ಳವರೆಂದು ಮೊದಲೇ ಹೆಸರು ಕೊಟ್ಟವರಿಗೆ ಮಾತ್ರ ಮಧ್ಯಸ್ಥನು ಅದನ್ನು ಮುಟ್ಟಿಸುವನು. ಹೇಳಿದವನಿಗೆ ಕೇಳಿದವನ ಗುರುತಿಲ್ಲ. ಇದಿಷ್ಟೂ ನಡೆಯುವುದು ನಮ್ಮ ನಾಲ್ಕು ಗೋಡೆಗಳೊಳಗೆ. ಪರದೇಶದ ಯಾವ ಉಗ್ರಾಣಕ್ಕೂ ನಮ್ಮ ಸಂಪಿನ ಗುಟ್ಟು ತಿಳಿಯದು.

ಮೇ ತಿಂಗಳ ಒಂದು ಬೆಳಿಗ್ಗೆ ಅಡಿಗೆಮನೆಯ ನಲ್ಲಿ ಗಾಳಿಯನ್ನು ಉಗುಳಿತು. ಪರದೆಯ ಮೇಲೆ ನೋಡಿದರೆ ಸಂಪಿನಲ್ಲಿ 142 ಸೆಂಟಿಮೀಟರು ನೀರು. ಮುಚ್ಚಳ ತೆಗೆದು ನೋಡಿದರೆ ಸಂಪು ಬರಿದು. ಹುಡುಗನು ಇಳಿದುಬಂದು ಪರೀಕ್ಷಿಸಿ, ಸಂಪಿನ ಹಬೆಗೆ ಹಲಗೆಯ ಬೆಸುಗೆ ಹಸುರುಗಟ್ಟಿ, ಎರಡು ದಿನಗಳ ಹಿಂದೆಯೇ ಪೆಟ್ಟಿಗೆಯ ಜೀವ ಹೋಗಿರುವುದೆಂದು ತಿಳಿಸಿದನು. ಸತ್ತವನು ಕೊನೆಗೆ ಹೇಳಿದ ಮಾತನ್ನೇ ಪರದೆಯು ಎರಡು ದಿನ ಹಿಡಿದುಕೊಂಡು ಕುಳಿತಿತ್ತು. “ಅದು ಸುಳ್ಳು ಹೇಳಲಿಲ್ಲ ಮೇಷ್ಟ್ರೇ, ಮೊನ್ನೆಯದನ್ನು ಹೇಳಿತು” ಎಂದನು ಹುಡುಗ. ಅದು ಬರೆದ ಕಾಗದದಲ್ಲಿ ‘ಈ ದಿವಸದವರೆಗೆ’ ಎಂಬ ಮಾತು ಇರಲಿಲ್ಲ.

ಆ ಸಂಜೆ ನಾನು ಎದ್ದು ಮೀಮಾಂಸೆಯ ಹಳೆಯ ಪುಸ್ತಕಗಳನ್ನು ತೆಗೆದೆನು. ಜ್ಞಾನಕ್ಕೆ ಸಾಧನಗಳು ಎಷ್ಟೆಂಬ ವಿಚಾರದಲ್ಲಿ ನಮ್ಮ ದರ್ಶನಕಾರರಿಗೆ ಒಮ್ಮತವಿಲ್ಲ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕರಲ್ಲಿ ನೈಯಾಯಿಕರು ನಿಲ್ಲುವರು. ಭಾಟ್ಟರೂ ಅದ್ವೈತಿಗಳೂ ಅರ್ಥಾಪತ್ತಿಯೊಡನೆ ಅನುಪಲಬ್ಧಿಯೆಂಬ ಆರನೆಯದನ್ನೂ ಅಂಗೀಕರಿಸುವರು. ಅನುಪಲಬ್ಧಿಯೆಂದರೆ ಕಾಣದಿರುವಿಕೆ. ನೆಲದ ಮೇಲೆ ಗಡಿಗೆಯಿಲ್ಲವೆಂಬುದು ನಮಗೆ ಹೇಗೆ ತಿಳಿಯಿತು? ಇಲ್ಲದುದನ್ನು ಕಣ್ಣು ಮುಟ್ಟುವುದೆಂತು? ಗಡಿಗೆಯು ಕಾಣಲಿಲ್ಲವೆಂಬುದೇ ಅದರ ಅಭಾವಕ್ಕೆ ಪ್ರಮಾಣವೆಂದು ಇವರ ಮತ. ಆದರೆ ಅವರು ಒಂದು ನಿಬಂಧನೆಯನ್ನು ಹಾಕುವರು: ಅದು ಯೋಗ್ಯಾನುಪಲಬ್ಧಿಯಾಗಿರಬೇಕು. ಗಡಿಗೆಯಿದ್ದಿದ್ದರೆ ಕಾಣಲೇಬೇಕಾಗಿತ್ತು, ಬೆಳಕಿತ್ತು, ಕಣ್ಣು ನೆಟ್ಟಗಿತ್ತು; ಆದರೂ ಕಾಣಲಿಲ್ಲ ಎಂಬಲ್ಲಿ ಮಾತ್ರ ಕಾಣದಿರುವಿಕೆಗೆ ಪ್ರಾಮಾಣ್ಯ. ಕತ್ತಲೆಯ ಕೋಣೆಯಲ್ಲಿ ನಿಂತು ಗಡಿಗೆಯಿಲ್ಲವೆನ್ನುವವನ ಮಾತಿಗೆ ಬೆಲೆಯಿಲ್ಲ. ಪಾಠಶಾಲೆಯಲ್ಲಿ ಹದಿನೆಂಟರ ವಯಸ್ಸಿನಲ್ಲಿ ನಾವು ಇದನ್ನು ಕಂಠಪಾಠಮಾಡಿ, ಸ್ಪರ್ಧೆಯಲ್ಲಿ ಹೇಳಿ, ಬಹುಮಾನವಾಗಿ ಒಂದು ಶಾಲನ್ನೂ ಪಡೆದುದುಂಟು. ಅದರ ಪ್ರಯೋಜನವು ಬರಿದಾದ ಸಂಪಿನ ಮುಂದೆ ನಿಲ್ಲುವವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಳ್ಳನು ಬಂದ ಸುದ್ದಿಯಿಲ್ಲವೆಂದರೆ ಕಳ್ಳನು ಬರಲಿಲ್ಲವೆಂದಾಗುವುದು, ಕಾವಲುಗಾರನು ಎಚ್ಚರದಿಂದಿದ್ದ ಪಕ್ಷದಲ್ಲಿ ಮಾತ್ರ.

ಭಾಸ್ಕರಾಚಾರ್ಯರ ಮಗಳೆಂದು ಹೇಳುವ ಲೀಲಾವತಿಯ ಐತಿಹ್ಯವೂ ಇದಕ್ಕೆ ಹತ್ತಿರದ್ದೇ. 1587ರಲ್ಲಿ ಫೈಜಿಯು ಮಾಡಿದ ಪಾರಸಿ ಭಾಷಾಂತರದಿಂದ ಪ್ರಚಾರಕ್ಕೆ ಬಂದ ಕಥೆ ಅದು, ಇತಿಹಾಸವೆಂದು ಎಣಿಸಬೇಕಾಗಿಲ್ಲ. ಮುಹೂರ್ತವನ್ನು ತಿಳಿಯಲು ನೀರಿನ ಮೇಲೆ ತಳದಲ್ಲಿ ತೂತುಳ್ಳ ಘಟಿಕಾಪಾತ್ರೆಯನ್ನು ತೇಲಿಬಿಟ್ಟಿದ್ದರು. ಅದು ಮುಳುಗಿದಾಗ ಲಗ್ನ. ಹುಡುಗಿ ಬಗ್ಗಿ ನೋಡುವಾಗ ಒಡವೆಯ ಮುತ್ತೊಂದು ಬಿದ್ದು ತೂತು ಮುಚ್ಚಿತು. ಪಾತ್ರೆ ಮುಳುಗಲಿಲ್ಲ, ಹೊತ್ತಾಗಲಿಲ್ಲವೆಂದು ಎಲ್ಲರೂ ಕಾದರು, ಹೊತ್ತು ಮೀರಿತು. ಅಷ್ಟು ಮಂದಿ ಜೋಯಿಸರು ನೆರೆದಿದ್ದ ಆ ಚಪ್ಪರದಲ್ಲಿ, ಪಾತ್ರೆಯೊಳಕ್ಕೆ ನೀರು ಬರುತ್ತಿರುವುದೇ ಎಂದು ನೋಡಿದವರು ಒಬ್ಬರೂ ಇರಲಿಲ್ಲ.

ನಮ್ಮ ಪೆಟ್ಟಿಗೆಗಳಿಗೆ ಈಗ ಎರಡು ಕಟ್ಟಳೆಗಳಿವೆ. ಹೇಳಲು ವಿಶೇಷವಿರಲಿ ಇಲ್ಲದಿರಲಿ, ಪ್ರತಿಯೊಂದೂ ನಿಮಿಷಕ್ಕೊಮ್ಮೆ ‘ಇರುವೆನು’ ಎನ್ನತಕ್ಕದ್ದು. ಮೂರು ಬಾರಿ ತಪ್ಪಿದರೆ ಅದರ ಹೆಸರಿನ ಮುಂದಿನ ಅಂಕೆ ಅಳಿಸಿಹೋಗಿ ಕೆಂಪು ಗೆರೆ ಮೂಡುವುದು. ಎರಡನೆಯದು ಆ ಪದ್ಧತಿಯಲ್ಲಿಯೇ ಇರುವ ಒಂದು ಚಮತ್ಕಾರ. ಪೆಟ್ಟಿಗೆಯು ಮಧ್ಯಸ್ಥನ ಬಳಿಗೆ ಮೊದಲು ಬಂದಾಗಲೇ ಒಂದು ಉಯಿಲನ್ನು ಬರೆದು ಅವನ ಕೈಯಲ್ಲಿಡಬಹುದು: ‘ನಾನು ಹೇಳದೆ ಕೇಳದೆ ಮೌನವಾದೆನಾದರೆ ನನ್ನ ಪರವಾಗಿ ಹೀಗೆಂದು ಸಾರತಕ್ಕದ್ದು.’ ಇಂಗ್ಲಿಷಿನಲ್ಲಿಯೂ ಅದಕ್ಕೆ ಉಯಿಲೆಂಬ ಹೆಸರನ್ನೇ ಇಟ್ಟಿರುವರು. ನಮ್ಮ ಊರಿನ ಗುಡಿಯ ಆವರಣದಲ್ಲಿ ಸುಮಾರು ಕ್ರಿ. ಶ. 890ರ ಒಂದು ಶಾಸನವಿದೆ. ‘ಬೆಂಗಳೂರು’ ಎಂಬ ಹೆಸರು ಈವರೆಗೆ ದೊರೆತಿರುವ ಶಾಸನಗಳಲ್ಲೆಲ್ಲ ಮೊದಲು ಕಾಣುವುದು ಅದರಲ್ಲಿಯೇ. ಅದೂ ಒಂದು ಕಾಳೆಗದ ಹೆಸರಾಗಿ, ಅಲ್ಲಿ ಮಡಿದವರ ಸುದ್ದಿಯಾಗಿ. ಹೋದವರು ಹಿಂದಿರುಗಲಿಲ್ಲವೆಂಬುದನ್ನು ಉಳಿದವರು ಕಲ್ಲಿನಲ್ಲಿ ಬರೆಯಿಸಿದರು. ನಮ್ಮ ಪೆಟ್ಟಿಗೆಗಳು ತಮ್ಮ ಕಲ್ಲನ್ನು ತಾವೇ ಬರೆಯಿಸಿಟ್ಟು ಕೆಲಸಕ್ಕೆ ತೊಡಗುವುವು. ಇದನ್ನು ನಾನು ಉತ್ಸಾಹದಿಂದ ವರ್ಣಿಸುತ್ತಿರಲು ನನ್ನ ಪತ್ನಿ, “ನೀವು ನಿಮ್ಮದನ್ನು ಬರೆದಿದ್ದೀರಾ?” ಎಂದು ಕೇಳಿದಳು. ಮರುವಾರ ಉಪನೋಂದಣಿ ಕಚೇರಿಗೆ ಹೋಗಿಬಂದೆನು.

ಇಲ್ಲಿಯವರೆಗಿನದು ವಿನೋದ. 2025ರ ವೈಶಾಖದಲ್ಲಿ ಒಂದು ರಾತ್ರಿ ಮೂರು ಗಂಟೆಯ ಹೊತ್ತಿಗೆ ನನ್ನ ಪತ್ನಿ ಎದ್ದು, ಸೀರೆಯುಟ್ಟು, ಹೂವಿನ ಬುಟ್ಟಿಯನ್ನು ಹಿಡಿದು, ಧನುರ್ಮಾಸದ ಪೂಜೆಗೆಂದು ಗುಡಿಯ ಕಡೆಗೆ ಹೊರಟಳು. ಧನುರ್ಮಾಸವು ಕಳೆದು ನಾಲ್ಕು ತಿಂಗಳಾಗಿತ್ತು. ಹಾಲಿನ ಬೂತಿಗೆ ಪೆಟ್ಟಿಗೆಯಿಳಿಸಲು ಬಂದವರು ಗುರುತು ಹಿಡಿದು ಕರೆತಂದರು. ನಾನು ನಿದ್ರೆಯಲ್ಲಿದ್ದೆನು. ವೈದ್ಯರು ಪರೀಕ್ಷಿಸಿ, ಮರೆವು ಪ್ರಾರಂಭದಲ್ಲಿರುವುದೆಂದೂ ಔಷಧದಿಂದ ಅದರ ನಡಿಗೆಯನ್ನು ನಿಧಾನಗೊಳಿಸಲು ಯತ್ನಿಸಬಹುದೆಂದೂ ಹೇಳಿದರು. ಹೆಚ್ಚಿನ ದಿನಗಳಲ್ಲಿ ಆಕೆ ಮೊದಲಿನಂತೆಯೇ ಇರುವಳು. ನನ್ನ ಲೆಕ್ಕದ ತಪ್ಪುಗಳನ್ನು ಹಿಡಿಯುವಳು.

ಬಾಗಿಲಿಗೆ ಒಂದು ಪೆಟ್ಟಿಗೆ ಬೇಕಾಗಿತ್ತು. ಅದನ್ನು ಮಾಡುವುದು ಏನೂ ಕಷ್ಟವಲ್ಲ. ಬಾಗಿಲಿಗೆ ಒಂದು ತುಂಡು ಅಯಸ್ಕಾಂತ. ಚೌಕಟ್ಟಿಗೆ, ಗಾಜಿನ ನಳಿಗೆಯೊಳಗೆ ಎರಡು ತೆಳ್ಳನೆಯ ಲೋಹದ ನಾಲಗೆಗಳು. ಬಾಗಿಲು ಮುಚ್ಚಿರುವವರೆಗೆ ನಾಲಗೆಗಳು ಕೂಡಿರುವುವು, ತೆರೆದರೆ ಅಗಲುವುವು. ಆಕೆಗೆ ತಿಳಿಯದಂತೆ ಅದನ್ನು ಚೌಕಟ್ಟಿನ ಮೇಲ್ಗಡೆ ಅಂಟಿಸಲು ಹತ್ತು ನಿಮಿಷವೂ ಸಾಕು. ಮಗನೂ ಹಾಗೆಯೇ ಮಾಡಬೇಕೆಂದನು. ವೈದ್ಯರ ಅಭಿಪ್ರಾಯವೂ ಅದೇ. ನನಗೆ ಮನಸ್ಸು ಬರಲಿಲ್ಲ. ನಲವತ್ತು ವರ್ಷ ಜೊತೆಯಲ್ಲಿ ಬಾಳಿದವಳನ್ನು ಆಕೆಯ ಮನೆಯಲ್ಲಿಯೇ ಕದ್ದು ನೋಡುವುದು, ಅದೆಷ್ಟೇ ಹಿತಕ್ಕಾಗಲಿ, ಕಾವಲಲ್ಲ, ಬೇಹುಗಾರಿಕೆ. ತಿಳಿಸಿದರೆ ಮರೆಯುವಳಲ್ಲಾ ಎಂದನು ಮಗ. ಮರೆತರೆ ಮತ್ತೊಮ್ಮೆ ತಿಳಿಸತಕ್ಕದ್ದು.

ಒಂದು ಬೆಳಿಗ್ಗೆ, ಆಕೆ ಸೊಪ್ಪು ಬಿಡಿಸುತ್ತ ನಿರ್ಮಲವಾಗಿದ್ದಾಗ, ಎಲ್ಲವನ್ನೂ ಹೇಳಿದೆನು. ಸ್ವಲ್ಪ ಹೊತ್ತು ಕೈ ನಿಂತಿತು. ಅನಂತರ, “ಬಾಗಿಲು ತೆಗೆದರೆ ಯಾರಿಗೆ ಗೊತ್ತಾಗುತ್ತದೆ?” ಎಂದು ಕೇಳಿದಳು.

“ನನ್ನ ದಿಂಬಿನ ಬಳಿಯ ಗಂಟೆಗೆ.”

“ಅವನಿಗೆ?”

“ನೀನು ಹೇಳೆಂದರೆ.”

“ಬೇಡ. ಅಷ್ಟು ದೂರ ಕೂತು ಅವನು ಏನು ಮಾಡಿಯಾನು, ಅಳಬೇಕಷ್ಟೆ.” ಸೊಪ್ಪನ್ನು ಮತ್ತೆ ಕೈಗೆತ್ತಿಕೊಂಡು, “ಕಟ್ಟಿ. ಆದರೆ ನಿಮಗೂ ಒಂದು ಕಟ್ಟಿಸಿಕೊಳ್ಳಿ. ಆ ಮಂಡಿ ಇಟ್ಟುಕೊಂಡು ಮಾಳಿಗೆಯ ಟ್ಯಾಂಕು ನೋಡಲು ಹತ್ತುತ್ತೀರಿ. ಬಿದ್ದರೆ ನನಗೆ ತಿಳಿಯಬೇಡವೆ?” ಎಂದಳು. ಇಷ್ಟಕ್ಕೇ ಮುಗಿಯಲಿಲ್ಲ. “ಅವನದೂ ಒಂದು ಇರಲಿ. ನಮ್ಮ ಸಂಪು, ನಮ್ಮ ಬಾಗಿಲು, ನಮ್ಮ ಮಂಡಿ, ಎಲ್ಲಾ ಅವನಿಗೆ ಗೊತ್ತಾಗಬೇಕು. ಅವನು ಎದ್ದನೋ ಇಲ್ಲವೋ ನಮಗೆ ಗೊತ್ತಾಗಬಾರದು. ಇದು ಯಾವ ಸೀಮೆಯ ನ್ಯಾಯ?”

ನಾನು ಅಷ್ಟು ಹೊತ್ತು ತರ್ಕಿಸಿ ಕಾಣದೆ ಹೋದ ‘ಉಭಯ’ ಶಬ್ದವನ್ನು ಆಕೆ ಸೊಪ್ಪಿನ ಮೊರದಿಂದ ಎತ್ತಿಕೊಟ್ಟಳು.

ಬಾಗಿಲಿಗೆ ಸೈರನ್ನು ಬೇಡವೆಂದು ಗೊತ್ತಾಯಿತು; ಆಕೆ ಬೆದರಬಾರದಷ್ಟೆ. ದೇವರ ಮನೆಯಲ್ಲಿ ಹೆಚ್ಚಾಗಿದ್ದ ಒಂದು ಕೈಗಂಟೆಯನ್ನು ನನ್ನ ಮಂಚದ ತಲೆಯ ಕಡೆ ಕಟ್ಟಿ, ಸಣ್ಣ ಮೋಟಾರು ಅದನ್ನು ಅಲುಗಿಸುವಂತೆ ಹುಡುಗನು ಮಾಡಿದನು. ಮಾಳಿಗೆಯ ಮೆಟ್ಟಿಲ ಬಾಗಿಲಿಗೂ ಇನ್ನೊಂದು ಜೋಡಿ ಅಯಸ್ಕಾಂತ. ನಾನು ಹತ್ತಿ ಕಾಲು ಗಂಟೆಯೊಳಗೆ ಇಳಿಯದಿದ್ದರೆ ಮೇಲಿನ ಮನೆಯವರಿಗೂ ಆಕೆಗೂ ತಿಳಿಯುವುದು. ನಾನು ಮೇಲೆ ಕೂತು ಪತ್ರಿಕೆ ಓದುವ ಸುಖವು ಇದರಿಂದ ಹೋಯಿತು.

ಮಗನ ಸಂಗತಿ ಸುಲಭವಾಗಲಿಲ್ಲ. ಅವನ ಅಡಿಗೆಮನೆಯಲ್ಲಿ ನೀರು ಕಾಯಿಸುವ ಕೆಟಲಿಗೆ ವಿದ್ಯುತ್ತು ಹರಿದಾಗ ಇಲ್ಲಿ ಒಂದು ದೀಪ ಹತ್ತಬೇಕೆಂದು ಕೇಳಿದೆವು. ಕ್ಯಾಮರಾ ಕಳುಹಿಸಲು ಒಂದು ವಾರವೂ ತಡೆಯದವನು ಇದಕ್ಕೆ ಎರಡು ವಾರ ಉತ್ತರ ಕೊಡಲಿಲ್ಲ. ಬಳಿಕ, “ರಜೆಯ ದಿನ ನಾವು ತಡವಾಗಿ ಏಳುತ್ತೇವೆ, ಅಮ್ಮ ಸುಮ್ಮನೆ ಗಾಬರಿಯಾಗುತ್ತಾಳೆ” ಎಂದನು. ಅತ್ತೆಗೆ ತಾನು ಏಳುವ ಹೊತ್ತು ತಿಳಿಯುವುದು ಸೊಸೆಗೆ ಒಪ್ಪಿಗೆಯಲ್ಲವೆಂದು ಆ ಮಾತಿನ ಒಳಗಿತ್ತು. ನನ್ನ ಪತ್ನಿ ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಈಗ ಗೊತ್ತಾಯಿತೆ ಸೆರಗು ಅಂದರೆ ಏನು ಅಂತ!” ಎಂದಳು. ಕಡೆಗೆ ಕರಾರಾಯಿತು. ದೀಪವು ಕೆಲಸದ ದಿನಗಳಲ್ಲಿ ಒಮ್ಮೆ ಮಾತ್ರ ಹತ್ತತಕ್ಕದ್ದು. ಎಷ್ಟು ಹೊತ್ತಿಗೆ ಎಂಬುದನ್ನು ಯಂತ್ರವು ಬರೆದಿಡತಕ್ಕದ್ದಲ್ಲ. ನಮ್ಮ ಕಡೆಯಿಂದ ದಿನಕ್ಕೊಂದು ವಾಕ್ಯ ಮಾತ್ರ ಅವನಿಗೆ ಹೋಗುವುದು, ಇತ್ತ ಈ ದಿವಸದವರೆಗೆ ಕ್ಷೇಮವೆಂದು. ನಮ್ಮ ಎಲ್ಲ ಪೆಟ್ಟಿಗೆಗಳೂ ಉಸಿರಾಡುತ್ತಿದ್ದು, ಅಡಿಗೆಮನೆಯ ದೀಪ ಹತ್ತಿದ ದಿನವೇ ಅದು ಹೋಗುವುದು. ಹೋಗದಿದ್ದ ದಿನ ಅವನು ದೂರವಾಣಿ ಮಾಡುವನು.

ಎರಡು ಮನೆಗಳನ್ನು ಬೆಸೆಯುವಲ್ಲಿ ಒಂದು ವಿಚಿತ್ರವು ತಿಳಿಯಿತು: ಲೋಕದ ಬೀದಿಯಲ್ಲಿ ನಮ್ಮ ಮನೆಗೆ ವಿಳಾಸವೇ ಇಲ್ಲ. ಹಳೆಯ ಪದ್ಧತಿಯಲ್ಲಿ ಇರುವ ವಿಳಾಸಗಳು ಸುಮಾರು 429 ಕೋಟಿ. ಅವುಗಳ ಮೂಲಭಂಡಾರವು 2011ರ ಫೆಬ್ರುವರಿಯಲ್ಲಿಯೇ ಬರಿದಾಯಿತು. ಆದಕಾರಣ ಇಂಟರ್‌ನೆಟ್ಟು ಒದಗಿಸುವವರು ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಹಾಕುವುದುಂಟು. ನಾವು ಹೊರಗೆ ಹೋಗಬಹುದು, ಹೊರಗಿನವರು ನಮ್ಮನ್ನು ಹುಡುಕಿಕೊಂಡು ಬರಲಾರರು. ಮಗನ ಮನೆಗೆ ವಿಳಾಸವಿತ್ತು. ಆದುದರಿಂದ ನಮ್ಮ ಕಡೆಯಿಂದಲೇ ಒಂದು ಸುರಂಗವನ್ನು ತೋಡಿ, ಎರಡು ತುದಿಗಳಿಗೂ ಒಂದೊಂದು ಗುಟ್ಟಿನ ಬೀಗದಕೈ ಕೊಟ್ಟು, ವೈರ್‌ಗಾರ್ಡ್ ಎಂಬ ಸಾಧನದಿಂದ ಹುಡುಗನು ದಾರಿ ಮಾಡಿದನು. ದಾರಿಹೋಕರಿಗೆ ಸುರಂಗದ ಇರವು ತಿಳಿದೀತು, ಒಳಗಿನ ಮಾತು ತಿಳಿಯದು.

ಹಸುರು ದೀಪವು ಒಲೆಯ ಮೇಲ್ಗಡೆ, ಉಪ್ಪಿನ ಜಾಡಿಯ ಪಕ್ಕದಲ್ಲಿದೆ. ಆ ಬೇಸಗೆಯಲ್ಲೆಲ್ಲ ಹುಳಿ ಕುದಿಯುವ ಹೊತ್ತಿಗೆ, ಹತ್ತೂವರೆಯ ಸುಮಾರಿಗೆ, ಹತ್ತುತ್ತಿತ್ತು. ಅಲ್ಲಿ ಆಗ ಏಳು ಗಂಟೆ. ಯಂತ್ರವು ಹೊತ್ತನ್ನು ಬರೆದಿಡದು. ಆಕೆಯ ಕಣ್ಣು ಬರೆದಿಡುವುದನ್ನು ತಡೆಯಲು ಕರಾರಿನಲ್ಲಿ ಅವಕಾಶವಿರಲಿಲ್ಲ. ಕೆಲವು ದಿನ ಅದು ಯಾತರ ದೀಪವೆಂದು ಕೇಳುವಳು, ಹೇಳುವೆನು.

2025ರ ಅಕ್ಟೋಬರ್ 27ರ ಸೋಮವಾರ ಹತ್ತೂವರೆಯಾದರೂ ದೀಪ ಹತ್ತಲಿಲ್ಲ. ಹನ್ನೊಂದಾಯಿತು. ಹುಳಿಯನ್ನು ಇಳಿಸಿ, ಸೌಟನ್ನು ಕೈಯಲ್ಲಿ ಹಿಡಿದೇ ಆಕೆ ಮಣೆಯ ಮೇಲೆ ಕುಳಿತಳು. ನಾನು ಬೀರುವಿನ ಬಳಿಗೆ ಹೋಗಿ ನೋಡಿದೆನು. ದೀಪದ ಪೆಟ್ಟಿಗೆಯೂ ಸುರಂಗವೂ ನಿಮಿಷ ನಿಮಿಷಕ್ಕೆ ‘ಇರುವೆನು’ ಎನ್ನುತ್ತಿದ್ದುವು. ಆ ದೇಶದಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವರೆಂದು ಹೇಳಿದೆನು. “ಗಡಿಯಾರ ತಿರುಗಿಸಿದರೆ ಹೊಟ್ಟೆಗೆ ಗೊತ್ತಾಗುತ್ತದೆಯೆ?” ಎಂದಳು, ಆದರೆ ಏಳಲಿಲ್ಲ. ಹನ್ನೊಂದೂಕಾಲು ದಾಟಿ ಸ್ವಲ್ಪ ಹೊತ್ತಿಗೆ ದೀಪವು ಹತ್ತಿತು. ಆಕೆ ಎದ್ದು ಅಡಿಗೆಮನೆಯ ಗೋಡೆಯಿಂದ ಕ್ಯಾಲೆಂಡರನ್ನು ಇಳಿಸಿ ನನ್ನ ಮುಂದೆ ಹಾಸಿ, ಇನ್ನು ಮೇಲೆ ಹನ್ನೊಂದೂವರೆಯೆಂದು ಆ ದಿನದ ಮನೆಯಲ್ಲಿ ಬರೆಯಿಸಿದಳು. ಮತ್ತೆ ಎಂದು ಹಿಂದಿನಂತಾಗುವುದೆಂದು ಕೇಳಿ, ಮಾರ್ಚಿಯ ಕೊನೆಯ ಭಾನುವಾರವೆಂದಾಗ, ಹೊಸ ವರ್ಷದ ಕ್ಯಾಲೆಂಡರು ಬಂದೊಡನೆ ಅದರಲ್ಲಿಯೂ ಬರೆಯಬೇಕೆಂದಳು. “ಅಕ್ಷರ ಸ್ವಲ್ಪ ದೊಡ್ಡದಾಗಿರಲಿ” ಎಂದಳು.